ಗುಡ್ಡಕ್ಕೆ ಹೋಗದ ಭಾನುವಾರಗಳು

ಆಗಿನ ಸುರಪುರದಲ್ಲಿ ರಜೆಯ ದಿನ ಎಲ್ಲಿಗೆ ಹೋಗೋಣ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹಿತ್ತಲ ಬಾಗಿಲು ತೆಗೆದರೆ ಬಂಡೆ, ಬಂಡೆ ಹತ್ತಿದರೆ ಗುಡ್ಡ. ಗುಡ್ಡಕ್ಕೆ ಗೇಟಿರಲಿಲ್ಲ, ಟಿಕೆಟ್ಟಿರಲಿಲ್ಲ, ಹೊತ್ತು ಮುಳುಗಿತೆಂದು ಸೀಟಿ ಊದಿ ಹೊರಗೆ ಕಳಿಸುವವರೂ ಇರಲಿಲ್ಲ. ದಸರಾ ಮುಗಿದು ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಬಂಡೆಗಳ ಸಂದಿಯಲ್ಲೆಲ್ಲ ಸೀತಾಫಲ ಕಣ್ಣು ಬಿಡುತ್ತಿದ್ದವು. ಕಾಯಿಯ ಮೈಮೇಲಿನ ಗುಬಟುಗಳ ನಡುವೆ ತಿಳಿಹಳದಿ ಗೆರೆ ಮೂಡಿದರೆ ಕಣ್ಣು ಬಿಟ್ಟಿತೆಂದು ಅರ್ಥ. ಅಂಥದ್ದನ್ನು ಕಿತ್ತು ತಂದು ಜೋಳದ ಚೀಲದಲ್ಲಿ ಹುಗಿದಿಟ್ಟರೆ ಹಣ್ಣಾಗುತ್ತದೆ. ಕಣ್ಣು ಬಿಡದ್ದನ್ನು ಕಿತ್ತರೆ ಕರ್ರಗೆ ಕಲ್ಲಾಗಿ ಕೂರುತ್ತದೆ. ಇಷ್ಟು ವಿದ್ಯೆ ನಮ್ಮ ಓಣಿಯ ಮಕ್ಕಳಿಗೆಲ್ಲ ಪಾಟಿ ಹಿಡಿಯುವ ಮೊದಲೇ ಬಂದಿರುತ್ತಿತ್ತು.

ಈ ಗುಡ್ಡದ ದಂಡಿಗೆಲ್ಲ ಮುಂದಾಳು ಪಕ್ಕದ ಮನೆಯ ಮಾಬೂಬಿ ಖಾಲಾ, ಓಣಿಗೆಲ್ಲ ಚಿಕ್ಕಮ್ಮ. ಅವಳ ಗಂಡ ಗಾದಿಗೆ ಅರಳೆ ತುಂಬುವ ಕೆಲಸ ಮಾಡುತ್ತಿದ್ದ. ಹಾಗಾಗಿ ಖಾಲಾಳ ಕೂದಲಲ್ಲಿ, ಹುಬ್ಬಿನಲ್ಲಿ ಯಾವಾಗಲೂ ಹತ್ತಿಯ ಎಳೆ ಅಂಟಿರುತ್ತಿತ್ತು. ಅವಳಿಗೆ ಇದ್ದವರೆಲ್ಲ ಗಂಡುಮಕ್ಕಳು, ಅವರೂ ದೊಡ್ಡವರಾಗಿ ಕೆಲಸಕ್ಕೆ ಹತ್ತಿದ್ದರು. ಓಣಿಯ ಹೆಣ್ಣುಮಕ್ಕಳ ಜಡೆಗಳೆಲ್ಲ ತನ್ನವೇ ಎಂಬಂತೆ ಸಿಕ್ಕವರನ್ನು ಹಿಡಿದು ಕೂರಿಸಿ ಹಣಿಗೆ ಆಡಿಸುತ್ತಿದ್ದಳು. ಸೀತಾಫಲದ ಕಾಲದಲ್ಲಿ ಭಾನುವಾರ ಬೆಳಕು ಹರಿಯುವುದರೊಳಗೆ ನಮ್ಮ ಬಾಗಿಲ ಚಿಲಕ ಅಲುಗಾಡುತ್ತಿತ್ತು, ಅವ್ವನಿಗೆ ಕೂಗು ಬೀಳುತ್ತಿತ್ತು.

"ಶಾಂತಾ, ಎದ್ದೀ ಇಲ್ಲ? ಸೂರ್ಯ ಏನ ನಿನ್ನ ಗಂಡ ಅಂತ ತಿಳದೀ, ನೀ ಎದ್ದು ಚಹಾ ಕಾಸೂ ತನಕ ಕಾಯಾಕ?"

"ಬಂದೆ ಖಾಲಾ, ಬುತ್ತಿ ಕಟ್ಟಾಕತ್ತೀನಿ."

"ಬುತ್ತಿ ಕಟ್ಟಾಕತ್ತಾಳಂತ! ಇವಳ ಬುತ್ತಿ ಕಟ್ಟೂದರಾಗ ಮಂಗ್ಯಾಗೋಳು ಎಲ್ಲಾ ಹಣ್ಣ ತಿಂದು ಮಲಗಿರ್ತಾವು."

ಅಪ್ಪ ಹುಣಸಗಿ ಕಡೆ ಕಾಲುವೆಯ ಕೆಲಸದಲ್ಲಿದ್ದರು. ಕಾಲುವೆಗೆ ನೀರು ಬಿಟ್ಟಾಗ ಅಲ್ಲೇ ಉಳಿಯುತ್ತಿದ್ದರು, ನಿಂತಾಗ ಮನೆಗೆ ಬರುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಹೆಂಗಸರು ಕೆಲಸವಿಲ್ಲದೆ ಹೊಸ್ತಿಲು ದಾಟುವುದು ಅವರಿಗೆ ಸೇರುತ್ತಿರಲಿಲ್ಲ. ಗುಡ್ಡಕ್ಕೆ ಹೂಂ ಅಂದದ್ದೂ ಹಣ್ಣಿನ ಸಲುವಾಗಿ. "ಹಣ್ಣಿಗಂತ ಹೋಗೂದಾದ್ರ ಹೋಗ್ರಿ. ಸುಮ್ಮ ತಿರುಗಾಡಾಕಂತ ಬ್ಯಾಡ" ಎಂದು ಒಮ್ಮೆ ಹೇಳಿದ್ದರು. ಅದಕ್ಕೇ ಅವ್ವ ಎಷ್ಟೇ ದಣಿದರೂ ಒಂದು ಬುಟ್ಟಿ ಹಣ್ಣಿಲ್ಲದೆ ಗುಡ್ಡ ಇಳಿದವಳಲ್ಲ.

ಬುಟ್ಟಿ ತುಂಬಿದ ಮೇಲೆ ಉಳಿದ ಹೊತ್ತು ನಮ್ಮದು. ಹಾಸುಬಂಡೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದೆವು. ಒಣಗಿ ಗರಿಯಾದ ಕಟಿ ರೊಟ್ಟಿ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಪುಂಡಿಪಲ್ಯ, ಗುದ್ದಿ ಒಡೆದ ಉಳ್ಳಾಗಡ್ಡಿ. ಖಾಲಾಳ ಡಬ್ಬಿಯಲ್ಲಿ ಗೋಧಿ ರೊಟ್ಟಿ ಪುಡಿ ಮಾಡಿ ಬೆಲ್ಲ ತುಪ್ಪ ಹಾಕಿ ಕಲಸಿದ ಮಲೀದಾ. ಬಿಸಿಲಿಗೆ ಒಣಹುಲ್ಲು ಕಾದು ಬರುವ ವಾಸನೆ, ನಡುನಡುವೆ ಸೀತಾಫಲದ ಎಲೆಯ ಒಗರು ವಾಸನೆ. ಉಂಡ ಮೇಲೆ ಹಣ್ಣು. ಬೀಜ ಯಾರು ದೂರ ಉಗುಳುತ್ತಾರೆಂದು ಪಂದ್ಯ. ನನ್ನ ತಂಗಿ ಸುನಂದಾಗೆ ಮುಂದಿನ ಹಲ್ಲು ಬಿದ್ದಿದ್ದವು, ಆ ಕಿಂಡಿಯಿಂದ ಅವಳ ಬೀಜ ಗುಂಡಿನ ಹಾಗೆ ಹೋಗುತ್ತಿತ್ತು. ಖಾಲಾ ಹುಲ್ಲಿನಲ್ಲಿ ಬಗ್ಗಿ ಆ ಬೀಜಗಳನ್ನೆಲ್ಲ ಆರಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಒಣಗಿಸಿ ಅರೆದರೆ ಹೇನಿನ ಔಷಧ.

ಆಮೇಲೆ ಜಾರಬಂಡಿ. ನೀರು ಹರಿದು ಹರಿದು ನುಣ್ಣಗಾದ ಇಳಿಜಾರು ಬಂಡೆಯೊಂದಿತ್ತು. ಸೀತಾಫಲದ ಟೊಂಗೆ ಮುರಿದು ಅದರ ಮೇಲೆ ಕೂತು ಸರ್ರನೆ ಇಳಿಯುವುದು. ನಾವು ಉಟ್ಟ ಪರಕಾರಗಳ ಹಿಂಭಾಗ ಸವೆದು ಜಾಳಾಗಿರುತ್ತಿದ್ದುದು ಅದರಿಂದಲೇ. ಒಂದು ಭಾನುವಾರ ಅವ್ವ ಅತ್ತಿತ್ತ ನೋಡಿ, ಗಂಡಸರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೀರೆ ಎತ್ತಿ ಕಚ್ಚೆಯ ಹಾಗೆ ಸಿಕ್ಕಿಸಿ ಟೊಂಗೆಯ ಮೇಲೆ ಕೂತಳು. "ಖಾಲಾ, ನೂಕು" ಅಂದಳು. ಅವ್ವ ಕೆಳಗೆ ಹುಲ್ಲಿನಲ್ಲಿ ಬಿದ್ದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದದ್ದು ನನಗೆ ಇನ್ನೂ ಕೇಳುತ್ತದೆ. ಮನೆಯಲ್ಲಿ ಅವಳ ನಗೆ ಸೆರಗಿನೊಳಗೇ ಮುಗಿಯುತ್ತಿತ್ತು. ಇಷ್ಟು ದೊಡ್ಡ ನಗೆ ಅವಳೊಳಗೆ ಇದೆಯೆಂದು ನಮಗೆ ಗೊತ್ತಾದದ್ದು ಗುಡ್ಡದಲ್ಲಿ.

ಆ ವರ್ಷ ದೀಪಾವಳಿ ರಜೆ ಮುಗಿದು ಶಾಲೆ ಸುರುವಾದ ಕೂಡಲೇ ಸುನಂದಾಳ ತಲೆಯಲ್ಲಿ ಹೇನು ಬಿದ್ದವು. ಕಲಿಸುವ ಬಾಯಾರು ಅವಳನ್ನು ಬೇರೆ ಕೂರಿಸಿ, ಕೂದಲು ಬೋಳಿಸಿಕೊಂಡು ಬಾ ಎಂದು ಕಳಿಸಿದರು. ಸುನಂದಾಳ ಜಡೆ ಆ ವಯಸ್ಸಿಗೇ ಸೊಂಟ ಮುಟ್ಟುತ್ತಿತ್ತು. ಅವ್ವ ಜಡೆ ಹಿಡಿದುಕೊಂಡು ಕಟ್ಟೆಯ ಮೇಲೆ ಅಳುತ್ತ ಕೂತಳು.

ಖಾಲಾ ಬಂದು ನೋಡಿ, "ಹೇನಿಗ್ಯಾಕ ಅಳ್ತೀ? ಹೇನು ಬಿದ್ದಾವಂತ ತಲಿ ಬೋಳಸ್ತಾರೇನ? ನಾಳೆ ಔಷಧ ಹಚ್ಚತೀನಿ ಬಿಡು" ಅಂದಳು.

ಮರುದಿನ ಭಾನುವಾರ. ಬೆಳಿಗ್ಗೆ ಖಾಲಾ ಬೀಜದ ಪುಡಿಯನ್ನು ಕುಸುಬಿ ಎಣ್ಣೆಯಲ್ಲಿ ಕಲಸಿ ಬಟ್ಟಲಲ್ಲಿ ತಂದಳು. ಸುನಂದಾಳನ್ನು ತೊಡೆಯ ನಡುವೆ ಕೂರಿಸಿಕೊಂಡು ಹಣೆಯ ಅಂಚಿಗೆ ಬರದಂತೆ ಬೆರಳ ತುದಿಯಿಂದ ಬುಡಕ್ಕೆ ಬುಡಕ್ಕೆ ಹಚ್ಚಿದಳು. ಹಳೆಯ ಧೋತರದ ತುಂಡಿನಿಂದ ತಲೆ ಬಿಗಿದು ಕಟ್ಟಿದಳು. ಆಮೇಲೆ ಅವ್ವನ ಕಡೆ ತಿರುಗಿ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಶಾಂತಾ, ಇಕಿ ಇವತ್ತ ಮನಿ ಬಿಟ್ಟು ಹೊರಗ ಹೋಗಬಾರದು. ಬಿಸಿಲಿಗೆ ಬೆವರಬಾರದು. ಮಧ್ಯಾಹ್ನಕ ಅಂಗಾತ ಮಲಗಿಸಿ, ಕಣ್ಣಮ್ಯಾಲ ಹಸಿ ಬಟ್ಟಿ ಹಾಕಿ, ತಲಿ ಹಿಂದಕ್ಕ ಬಿಟ್ಟು ತೊಳಿ. ಒಂದ ಹನಿ ಕಣ್ಣಾಗ ಬಿದ್ರ ಬೆಂಕಿ ಅದು, ತಿಳೀತಿಲ್ಲ?"

"ತಿಳೀತು ಖಾಲಾ."

ಖಾಲಾ ಅವತ್ತು ರಂಗಂಪೇಟೆಯ ನೆಂಟರ ಮನೆಗೆ ಹೋಗಬೇಕಿತ್ತು, ಹೋದಳು. ಅವಳ ಬದಲಿಗೆ ಓಣಿಯ ಉಳಿದ ಹೆಂಗಸರು ಬುತ್ತಿ ಹಿಡಿದು ಗುಡ್ಡಕ್ಕೆ ಹೊರಟು ನಮ್ಮ ಬಾಗಿಲಲ್ಲಿ ನಿಂತು ಕೂಗಿದರು. ಕಾಲ ಮುಗಿಯುತ್ತ ಬಂದಿದೆ, ಇನ್ನೊಂದು ವಾರ ಬಿಟ್ಟರೆ ಗಿಡದಲ್ಲಿ ಏನೂ ಉಳಿಯುವುದಿಲ್ಲ ಅಂದರು. ಸುನಂದಾ ಅಂಗಳದಲ್ಲಿ ಉರುಳಾಡಿ ಅತ್ತಳು. ಅವಳು ಅತ್ತದ್ದು ನಿಜ. ಆದರೆ ಅವ್ವ ಬಾಗಿಲ ತೋಳು ಹಿಡಿದು ಗುಡ್ಡದ ಕಡೆ ನೋಡುತ್ತ ನಿಂತ ರೀತಿಯೂ ನನಗೆ ನೆನಪಿದೆ. ಸುನಂದಾ ಅಳದಿದ್ದರೂ ಅವ್ವ ಹೋಗುತ್ತಿದ್ದಳೇನೋ. ವಾರವೆಲ್ಲ ಕಾದು ಕೂತ ಒಂದು ದಿನ ಅದು.

"ತಲಿಗೆ ಬಟ್ಟಿ ಕಟ್ಟೈತಿ. ನೆರಳಾಗ ಕುಂಡ್ರಸಿದ್ರಾತು. ಬಂದಮ್ಯಾಲ ತೊಳೀತೀನಿ" ಎಂದು ಯಾರೂ ಕೇಳದಿದ್ದರೂ ಹೇಳಿದಳು, ಬುತ್ತಿ ಕಟ್ಟಿದಳು.

ಏಳು ವರ್ಷದ ಹುಡುಗಿ ನೆರಳಲ್ಲಿ ಕೂತಾಳೆಯೆ? ಅವ್ವ ಬುಟ್ಟಿ ತುಂಬುವುದರಲ್ಲಿದ್ದಾಗ ಸುನಂದಾ ಜಾರಬಂಡಿ ಹತ್ತಿದಳು. ಹತ್ತುವುದು, ಜಾರುವುದು, ಮತ್ತೆ ಹತ್ತುವುದು. ಬಿಸಿಲು ಏರಿತು, ಬಟ್ಟೆ ಸಡಿಲಾಯಿತು, ಎಣ್ಣೆ ಬೆವರಿನ ಜೊತೆ ಹಣೆಗಿಳಿಯಿತು. ಅವಳು ಮುಂಗೈಯಿಂದ ಕಣ್ಣು ಒರೆಸಿಕೊಂಡಳು. ಆಮೇಲಿನ ಅವಳ ಕೂಗಿಗೆ ಪಾರಿವಾಳಗಳೆಲ್ಲ ಬಂಡೆ ಬಿಟ್ಟು ಎದ್ದವು.

ಅವ್ವ ಬುಟ್ಟಿ ಚೆಲ್ಲಿ ಓಡಿ ಬಂದಳು. ಸೆರಗಿನಿಂದ ಒರೆಸಿದಳು, ಒರೆಸಿದಷ್ಟೂ ಎಣ್ಣೆ ಹರಡಿತು. ಬಂಡೆಯ ನಡುವೆ ಮಳೆನೀರು ನಿಂತ ದೊಣಿಯೊಂದಿತ್ತು. ಅಲ್ಲಿಗೆ ಎತ್ತಿಕೊಂಡು ಹೋಗಿ, ಗಾಬರಿಯಲ್ಲಿ ಮಗುವನ್ನು ಮುಂದಕ್ಕೆ ಬಗ್ಗಿಸಿ, ತಲೆಯ ಬಟ್ಟೆ ಕಿತ್ತು ಬೊಗಸೆ ಬೊಗಸೆ ನೀರು ಸುರಿದಳು. ತಲೆಯಲ್ಲಿದ್ದದ್ದೆಲ್ಲ ಎರಡೂ ಕಣ್ಣಿಗೆ ಇಳಿಯಿತು. ಖಾಲಾ ಬಿಡಿಸಿ ಬಿಡಿಸಿ ಹೇಳಿದ್ದರಲ್ಲಿ ಒಂದು ಮಾತೂ ಆ ಕ್ಷಣಕ್ಕೆ ಅವ್ವನ ಬಳಿ ಇರಲಿಲ್ಲ.

ಸುನಂದಾಳನ್ನು ಹೊತ್ತುಕೊಂಡು ಗುಡ್ಡ ಇಳಿದು ಬಂದರೆ ಮನೆಯ ಕಟ್ಟೆಯ ಮೇಲೆ ಅಪ್ಪ ಕೂತಿದ್ದರು. ಕಾಲುವೆಯ ನೀರು ನಿಂತಿತ್ತಂತೆ, ಹೇಳದೆ ಬಂದಿದ್ದರು. ಬಾಗಿಲಿಗೆ ಬೀಗ ನೋಡಿ ಅವರ ಮುಖ ಆಗಲೇ ಬಿಗಿದಿತ್ತು. ಮಗಳ ಮುಖ ನೋಡಿ ಎದ್ದು ನಿಂತರು. ರೆಪ್ಪೆಗಳು ಬೋರೆಹಣ್ಣಿನಂತೆ ಊದಿ ಮುಚ್ಚಿಹೋಗಿದ್ದವು.

"ಏನಾತು ಇದಕ್ಕ?"

ಅವ್ವ ಸುನಂದಾಳನ್ನು ಕಟ್ಟೆಯ ಮೇಲೆ ಇಳಿಸಿದಳು. "ಹೇನಾಗಿದ್ವುರಿ... ಮಾಬೂಬಿ ಖಾಲಾ ಔಷಧ ಹಚ್ಚಿದ್ದಳು."

ಅದು ಸುಳ್ಳಲ್ಲ. ಖಾಲಾ ಹಚ್ಚಿದ್ದು ಖರೆ. ಆ ಮಾತಿನ ಮುಂದೆ ಇನ್ನೊಂದು ಮಾತು ಇತ್ತು, ಅದು ಬರಲಿಲ್ಲ. ಅಪ್ಪನಿಗೂ ಮುಂದಿನದು ಕೇಳುವ ಪುರುಸೊತ್ತಿರಲಿಲ್ಲ. ಮಗಳನ್ನು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು, ಅವ್ವ ಹಿಂದೆ ಓಡಿದಳು. ಶಹಾಪುರದ ಮೇಲೆ ಹಾಯ್ದು ಯಾದಗಿರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು. ನನ್ನನ್ನು ಓಣಿಯಲ್ಲೇ ಬಿಟ್ಟರು.

ಸಂಜೆ ಖಾಲಾ ರಂಗಂಪೇಟೆಯಿಂದ ಬಂದಾಗ ನಾನು ಅವಳ ಕಟ್ಟೆಯ ಮೇಲೆ ಕೂತಿದ್ದೆ. ಸುದ್ದಿ ದಾರಿಯಲ್ಲೇ ಅವಳ ಕಿವಿಗೆ ಬಿದ್ದಿತ್ತು. ಬುರ್ಖಾ ಸಹ ತೆಗೆಯದೆ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಬೇಟಿ, ಖರೆ ಹೇಳು. ಮನ್ಯಾಗ ಇದ್ದಳಾ ಸುನಿ?"

"ಇಲ್ಲ. ಗುಡ್ಡಕ್ಕ ಹೋಗಿದ್ವಿ."

"ತಲಿ ಹ್ಯಾಂಗ ತೊಳದಳು ನಿಮ್ಮವ್ವ?"

ನಾನು ಬಗ್ಗಿ ತೋರಿಸಿದೆ. ಖಾಲಾ ಕಣ್ಣು ಮುಚ್ಚಿಕೊಂಡಳು. "ಯಾ ಅಲ್ಲಾ" ಎಂದಷ್ಟೇ ಅಂದು ಒಳಗೆ ಹೋಗಿ ನನಗೆ ಅನ್ನ ಬಡಿಸಿದಳು. ನಾನು ಅವ್ವನ ಮೇಲೆ ಚಾಡಿ ಹೇಳಿದೆನೇನೋ ಅನ್ನಿಸಿ ತಾಟನ್ನು ಅರ್ಧಕ್ಕೇ ಸರಿಸಿದೆ.

ಮರುದಿನ ಮಧ್ಯಾಹ್ನ ಅವರು ಬಂದರು. ಸುನಂದಾಳ ಎರಡೂ ಕಣ್ಣಿಗೆ ಬಿಳಿ ಪಟ್ಟಿ. ಸೀತಾಫಲದ ಕಾಲದಲ್ಲಿ ಇಂಥ ಮಕ್ಕಳು ಬರುತ್ತಲೇ ಇರುತ್ತಾರೆ, ಕಣ್ಣು ಹೋಗುವುದಿಲ್ಲ, ಆದರೆ ಪಟ್ಟಿ ಬಿಚ್ಚಿ ನೋಡುವ ತನಕ ಗಟ್ಟಿಯಾಗಿ ಹೇಳಲಾರೆ ಎಂದಿದ್ದರಂತೆ ಡಾಕ್ಟರು. ಆ ಕಡೆಯ ಮಾತೇ ಅಪ್ಪನ ತಲೆಯಲ್ಲಿ ಕೂತಿತ್ತು. ಖಾಲಾ ಅಂಗಳಕ್ಕೆ ಬಂದು ನಿಂತ ಕೂಡಲೇ ಸಿಡಿದರು.

"ದೊಡ್ಡಾಕಿ ಅಂತ ಮರ್ಯಾದಿ ಕೊಟ್ಟಿದ್ದಕ್ಕ ಇದೇನ ನೀ ಮಾಡಿದ್ದು? ಕೂಸಿನ ಕಣ್ಣ ಹೋಗಿದ್ರ ಯಾರ ಕೊಡೋರು? ಹಚ್ಚೂದ ಹಚ್ಚಿ, ತೊಳಿಯೂದು ಹ್ಯಾಂಗಂತ ಹೇಳೂ ಬುದ್ಧಿ ಬ್ಯಾಡ?"

ಅವ್ವ ಅಡುಗೆಮನೆಯ ಬಾಗಿಲಲ್ಲಿದ್ದಳು. ಖಾಲಾ ಅವಳ ಕಡೆ ನೋಡಿದಳು. ಬೈಯುವ ನೋಟವಲ್ಲ ಅದು. ಎಲ್ಲ ಗೊತ್ತಿದೆ ಎನ್ನುವಂಥ ನೋಟ. ಅವ್ವನಿಗೆ ಅದು ತಿಳಿಯಿತು, ತಲೆ ತಗ್ಗಿಸಿದಳು.

"ನಂದ ತಪ್ಪು ಭಯ್ಯಾ" ಅಂದಳು ಖಾಲಾ. "ಹೇಳೂದು ಮರತೆ. ವಯಸ್ಸಾತು, ನೆನಪ ಉಳಿಯಂಗಿಲ್ಲ. ಶಾಂತಾಂದು ಏನೂ ತಪ್ಪಿಲ್ಲ."

"ಇನ್ನಮ್ಯಾಲ ನಮ್ಮ ಹುಡುಗರ ತಲಿ ಮುಟ್ಟಬ್ಯಾಡ."

"ಆತು."

ಅಷ್ಟು ಹೇಳಿ ಅವಳು ಹೊರಟಳು. ಅವ್ವ ಒಂದು ಹೆಜ್ಜೆ ಮುಂದೆ ಇಟ್ಟಳು. ನಾನು ನೋಡುತ್ತಿದ್ದೆ, ಈಗ ಹೇಳುತ್ತಾಳೆ ಎಂದು. ಒಲೆಯ ಮೇಲೆ ಹಾಲು ಉಕ್ಕಿತು, ಅವ್ವ ಒಳಗೆ ತಿರುಗಿದಳು.

ಪಟ್ಟಿ ಬಿಚ್ಚಿದ ದಿನ ಸುನಂದಾ ಮೊದಲು ನೋಡಿದ್ದು ಗೋಡೆಯ ಮೇಲಿನ ಹಲ್ಲಿಯನ್ನು. "ಅಕ್ಕಾ, ಬಾಲ ಇಲ್ಲದ ಹಲ್ಲಿ!" ಅಂದಳು. ನಿಜಕ್ಕೂ ಅದಕ್ಕೆ ಬಾಲವಿರಲಿಲ್ಲ. ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು. ಕಣ್ಣು ಉಳಿದವು, ಜಡೆ ಉಳಿಯಿತು, ಹೇನೂ ಹೋಗಿದ್ದವು. ಇನ್ನು ಎಲ್ಲ ಮೊದಲಿನಂತೆ ಆಗುತ್ತದೆ ಎಂದು ನಾನು ತಿಳಿದೆ. ಅಪ್ಪನ ಸಿಟ್ಟೂ ಆ ಚಳಿಗಾಲ ಮುಗಿಯುವುದರೊಳಗೆ ಇಳಿದಿತ್ತು. ಖಾಲಾಳ ಗಂಡನ ಕೈಯಿಂದಲೇ ನಮ್ಮ ಗಾದಿ ತುಂಬಿಸಿದರು.

ಮುಂದಿನ ವರ್ಷ ಸೀತಾಫಲ ಕಣ್ಣು ಬಿಟ್ಟವು. ಭಾನುವಾರ ಬೆಳಿಗ್ಗೆ ನಾನೂ ಸುನಂದಾಳೂ ಹಾಸಿಗೆಯಲ್ಲೇ ಕಿವಿ ನೆಟ್ಟು ಮಲಗಿದ್ದೆವು. ಓಣಿಯ ಆ ತುದಿಯಿಂದ ಒಂದೊಂದೇ ಮನೆಯ ಬಾಗಿಲಿಗೆ ಖಾಲಾಳ ದನಿ ಬರುತ್ತಿತ್ತು. ನಮ್ಮ ಬಾಗಿಲ ಹತ್ತಿರ ಬಂದಾಗ ದನಿ ನಿಂತಿತು. ಹೆಜ್ಜೆಗಳೂ ಚೂರು ನಿಂತವು. ಅವ್ವ ಎದ್ದಿದ್ದಳು, ಒಲೆ ಹೊತ್ತಿತ್ತು, ರೊಟ್ಟಿ ಬಡಿಯುವ ಸಪ್ಪಳ ಹೊರಗೆ ಕೇಳುವ ಹಾಗೇ ಇತ್ತು. ಬಾಗಿಲು ಮಾತ್ರ ತೆರೆಯಲಿಲ್ಲ. ಹೆಜ್ಜೆಗಳು ಮುಂದೆ ಹೋದವು.

"ಅವ್ವಾ, ನಾವು ಹೋಗೂದಿಲ್ಲೇನ?" ಸುನಂದಾ ಕೇಳಿದಳು.

"ಅಪ್ಪ ಬೈತಾರ."

ಅಪ್ಪ ಬೈದಿರಲಿಲ್ಲ. ಬೇಡವೆಂದೂ ಅಂದಿರಲಿಲ್ಲ. ಅವ್ವ ಗುಡ್ಡಕ್ಕಾಗುವಷ್ಟು ರೊಟ್ಟಿ ಬಡಿದು, ಹಿಂಡಿ ಕುಟ್ಟಿ, ಎಲ್ಲವನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ, ಹಿತ್ತಲಿಗೆ ತಂದು ಬಿಚ್ಚಿದಳು. "ಇಲ್ಲೇ ಕುಂತು ಉಣ್ಣೂನು. ಇದೂ ಹೊರಗ ಅಲ್ಲೇನ" ಅಂದಳು. ಗುಡ್ಡದ ಮೇಲಿಂದ ಮಕ್ಕಳು ಕೂಗುವುದು ಹಿತ್ತಲಿಗೆ ಚೆನ್ನಾಗಿ ಕೇಳುತ್ತಿತ್ತು. ಅವ್ವ ಗುಡ್ಡಕ್ಕೆ ಬೆನ್ನು ಮಾಡಿ ಕೂತಿದ್ದಳು. ಆ ವರ್ಷವಷ್ಟೇ ಅಲ್ಲ, ಅದರ ಮುಂದಿನ ವರ್ಷವೂ, ನಾವು ದೊಡ್ಡವರಾಗುವ ತನಕವೂ ಹಾಗೆಯೇ. ಖಾಲಾ ಎದುರಾದರೆ ಅವ್ವ "ಆರಾಮ ಇದ್ದೀ ಖಾಲಾ?" ಎಂದು ಕೇಳಿ, ಉತ್ತರ ಬರುವುದರೊಳಗೆ ಕೊಡ ಎತ್ತಿಕೊಂಡು ಹೊರಡುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅವ್ವ ಯಾದಗಿರಿಯಲ್ಲಿ ನನ್ನ ಮನೆಯಲ್ಲೇ ಇದ್ದಾಳೆ. ಹೋದ ಚಳಿಗಾಲ ಸುನಂದಾ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಸುರಪುರದ ಗುಡ್ಡದ ಬುಡದಲ್ಲಿ ಪಾರ್ಕು ಆಗಿದೆಯಂತೆ ನೋಡಿಕೊಂಡು ಬರೋಣ ಎಂದು ಎಲ್ಲರೂ ಹೊರಟೆವು. ಪಾರ್ಕು ಚೆನ್ನಾಗಿದೆ. ನಡೆಯಲು ಕಲ್ಲುಹಾಸಿನ ದಾರಿ, ಸಿಮೆಂಟಿನ ಜಿಂಕೆ, ಫೋಟೋ ತೆಗೆಸಿಕೊಳ್ಳುವ ಜಾಗ. ಸೀತಾಫಲದ ಗಿಡಗಳಿಗೂ ಹೆಸರಿನ ಫಲಕ ತೂಗುಹಾಕಿದ್ದಾರೆ, ಪಕ್ಕದಲ್ಲೇ ಹಣ್ಣು ಕೀಳಬಾರದೆಂಬ ಇನ್ನೊಂದು ಫಲಕ. ಮಕ್ಕಳು ಆಡಲು ಓಡಿದರು. ಅವ್ವ ಬೆಂಚಿನ ಮೇಲೆ ಕೂತವಳು ಒಮ್ಮೆಲೇ ಎದ್ದಳು.

"ಮಾಬೂಬಿ ಖಾಲಾನ ಮನಿಗೆ ಹೋಗೂನು."

ಓಣಿ ಗುರುತು ಸಿಗದಷ್ಟು ಬದಲಾಗಿದೆ. ಖಾಲಾಳ ಮನೆಗೆ ಮಾತ್ರ ಹಳೆಯ ಬಾಗಿಲೇ ಇತ್ತು. ಅವಳು ಹೊರಸಿನ ಮೇಲೆ ಕೂತಿದ್ದಳು, ಮೈ ಅರ್ಧಕ್ಕರ್ಧ ಕುಗ್ಗಿತ್ತು. ಸೊಸೆ ಚಹಾ ತಂದಳು. ಖಾಲಾ ಸುನಂದಾಳ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಅವ್ವ ಚಹಾ ಮುಟ್ಟದೆ ಕೂತಿದ್ದಳು.

"ಖಾಲಾ, ಅವತ್ತ ನಾ ಬಾಯಿ ಬಿಡಬೇಕಾಗಿತ್ತು" ಅಂದಳು ಕಡೆಗೆ. "ನೀ ಎಲ್ಲಾ ಹೇಳಿದ್ದಿ. ನಾನ ಕೇಳಲಿಲ್ಲ. ನಿನ್ನ ಮ್ಯಾಲ ಹಾಕಿ ಸುಮ್ಮ ನಿಂತೆ."

"ಗೊತ್ತೈತಲ. ಆ ಮಾತಿಗೆ ನಂಗ ಸಿಟ್ಟಿಲ್ಲ."

"ಮತ್ಯಾವದಕ್ಕ?"

ಖಾಲಾ ಬಟ್ಟಲು ಕೆಳಗಿಟ್ಟಳು. "ನಾ ಯಾಕ ನನ್ನ ಮ್ಯಾಲ ಹಾಕ್ಕೊಂಡೆ ಹೇಳು? ನಾ ಬ್ಯಾಡಂದ್ರೂ ಗುಡ್ಡಕ್ಕ ಹೋದಿ ಅಂತ ನಿನ್ನ ಗಂಡಗ ಗೊತ್ತಾದ್ರ ನಿನ್ನ ಗುಡ್ಡ ಬಂದ್ ಮಾಡತಾನಂತ. ವಾರಕ್ಕೊಂದ ದಿನ ನಗತಿದ್ದಿ ನೀ. ಅದನ್ನ ಉಳಸಬೇಕಂತ ನಾ ಬೈಸ್ಕೊಂಡೆ. ನೀ ನೋಡಿದ್ರ ನೀನ ಬಾಗಲ ಹಾಕ್ಕೊಂಡು ಕುಂತಿ. ಹಂಗಾರ ನಾ ಬೈಸ್ಕೊಂಡಿದ್ದು ಏನಕ್ಕ ಬಂತು?"

"ಯಾವ ಮಾರಿ ತಗೊಂಡು ಬರ್ಲಿ ಖಾಲಾ? ನಿನ್ನ ಮಾರಿ ಹ್ಯಾಂಗ ನೋಡ್ಲಿ?"

"ನನ್ನ ಮಾರಿ ಯಾಕ ನೋಡಬೇಕಾಗಿತ್ತ ಹುಚ್ಚಿ? ನಾ ಮುಂದ ನಡೀತಿದ್ದೆ. ನೀ ಹಿಂದ ಬರಬೇಕಾಗಿತ್ತು, ಅಷ್ಟ."

ಅವ್ವ ಅತ್ತಳು. ಖಾಲಾ ಅಳಲಿಲ್ಲ, ಚಹಾ ಆರಿತೆಂದು ಸೊಸೆಯನ್ನು ಕರೆದು ಮತ್ತೆ ಕಾಸಲು ಹೇಳಿದಳು. ನಾನೂ ಸುನಂದಾಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವ್ವನ ಕಾಲು ಗಟ್ಟಿಯಿದ್ದ ವರ್ಷಗಳೆಲ್ಲ ಆ ಹಿತ್ತಲಲ್ಲಿ ಮುಗಿದುಹೋದವಲ್ಲ ಎಂದು ನನಗೆ ಅನ್ನಿಸುತ್ತಿತ್ತು. ನಾವು ಅವಳ ಎದುರಿಗೇ ಕೂತು ಆ ರೊಟ್ಟಿ ಉಂಡು ಬೆಳೆದೆವು. ಒಂದು ಭಾನುವಾರವಾದರೂ ಅವಳ ಕೈ ಹಿಡಿದು ಎಳೆಯಲಿಲ್ಲ. ಈಗ ನಮ್ಮ ಮಕ್ಕಳಿಗೆ ಪಾರ್ಕಿದೆ, ಟಿಕೆಟ್ಟಿದೆ, ಅವರನ್ನು ಕಾಯಲು ನಾವಿದ್ದೇವೆ. ನಸುಕಿನಲ್ಲಿ ಚಿಲಕ ಅಲುಗಾಡಿಸಿ ಅವರ ತಾಯಂದಿರನ್ನು ಬೈದು ಎಬ್ಬಿಸುವವರು ಯಾರೂ ಇಲ್ಲ. ಪರರ ಮನೆಯ ಹೆಂಗಸು ವಾರಕ್ಕೊಮ್ಮೆ ನಗಲಿ ಎಂದು ಬೈಸಿಕೊಳ್ಳುವವರಂತೂ ನಾನು ಇರುವ ಓಣಿಯಲ್ಲಿ ಇಲ್ಲ. ನಾನೂ ಅಂಥವಳಲ್ಲ.

ಹೊರಡುವಾಗ ಖಾಲಾ ಬೇಡವೆಂದರೂ ಕೇಳದೆ ಕೋಲು ಊರಿ ಎದ್ದಳು, ಬಾಗಿಲ ತನಕ ಕಳಿಸಿ ಬರುತ್ತೇನೆಂದು ಮುಂದೆ ನಡೆದಳು. ಅವ್ವ ಗೋಡೆ ಹಿಡಿದುಕೊಂಡು ಅವಳ ಹಿಂದೆ ಹೋದಳು. ಹೊರಸಿನಿಂದ ಹೊಸ್ತಿಲ ತನಕ. ಅಷ್ಟು ದೂರ ನಡೆಯಲು ಇಬ್ಬರಿಗೂ ಬಹಳ ಹೊತ್ತು ಹಿಡಿಯಿತು.